*ಇಂದಿನ ಧಮ್ಮ ಚಿಂತನೆ: ಮುಟ್ಟುವ ಮೊದಲು ಕೇಳೋಣ*





2019ರ ಆಗಸ್ಟ್ ತಿಂಗಳ ನೆರೆ ನಮಗೆಲ್ಲ ನೆನಪಿದೆ. ಬಂಟ್ವಾಳದಲ್ಲಿ ನೇತ್ರಾವತಿ ಉಕ್ಕಿತು. ಬೆಳ್ತಂಗಡಿಯ ಚಾರ್ಮಾಡಿ, ಮಿತ್ತಬಾಗಿಲು, ಮಲವಂತಿಗೆ ಕಡೆ ಮನೆ, ತೋಟಗಳು ಹೋದವು. ಆ ಭಾಗದ ನನ್ನ ಚಿಕ್ಕಮ್ಮನ ಮನೆಗೂ ನೀರು ನುಗ್ಗಿತ್ತು. ಮನೆ ರಿಪೇರಿಯಾಯಿತು. ಆದರೆ ಜೋರು ಮಳೆ ಬಂದ ರಾತ್ರಿ ಚಿಕ್ಕಮ್ಮ ಈಗಲೂ ಮಲಗುವುದಿಲ್ಲ, ಬಾಗಿಲ ಬಳಿ ಕೂರುತ್ತಾರೆ. ಹೆಗಲು ಕಲ್ಲಿನಂತೆ ಬಿಗಿದಿರುತ್ತದೆ. ಅಪಾಯ ಕಳೆದರೂ ಮೈ ಅದನ್ನು ನಂಬುವುದಿಲ್ಲ. ವೈದ್ಯರು ಇದಕ್ಕೆ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿಯುವ ಒತ್ತಡದ ಕಾಯಿಲೆ ಎಂದರು.

ಒಮ್ಮೆ ನಾನು ಒಳ್ಳೆಯದಾಗಲಿ ಎಂದು ಹಿಂದಿನಿಂದ ಹೋಗಿ ಅವರ ಹೆಗಲು ಒತ್ತಿದೆ. ಕಿರುಚಿ ಎದ್ದುಬಿಟ್ಟರು. ನನ್ನ ತಪ್ಪು ನನಗೆ ತಿಳಿದದ್ದು ವಿನಯಪಿಟಕದ ಒಂದು ಘಟನೆಯಿಂದ. ಬಾಬಾಸಾಹೇಬರು ಅದನ್ನು 'ಬುದ್ಧ ಮತ್ತು ಆತನ ಧಮ್ಮ'ದಲ್ಲೂ ಸೇರಿಸಿದ್ದಾರೆ.

ಭೇದಿಯಾಗಿ ತನ್ನ ಮಲದಲ್ಲೇ ಬಿದ್ದಿದ್ದ ಭಿಕ್ಷುವನ್ನು ಭಗವಾನರು ಕಂಡರು. ಮೊದಲು ಕೇಳಿದರು: ನಿನಗೇನು ಕಾಯಿಲೆ? ನೋಡಿಕೊಳ್ಳುವವರು ಇದ್ದಾರೆಯೇ? ಉತ್ತರ ಕೇಳಿಸಿಕೊಂಡ ಮೇಲೆ ಆನಂದರಿಂದ ನೀರು ತರಿಸಿದರು. ಭಗವಾನರು ನೀರು ಸುರಿದರು, ಆನಂದರು ಮೈ ತೊಳೆದರು. ಇಬ್ಬರೂ ಸೇರಿ ಎತ್ತಿ ಮಂಚದ ಮೇಲೆ ಮಲಗಿಸಿದರು. *ಮೊದಲು ಪ್ರಶ್ನೆ, ಆಮೇಲೆ ಕೈ.*

ನಮಗೆ ಇದು ಸಣ್ಣ ಮಾತಲ್ಲ. ನನ್ನ ಅಮ್ಮ ದೊಡ್ಡ ಮನೆಗಳ ಬಾಣಂತಿಯರಿಗೆ ಎಣ್ಣೆ ತಿಕ್ಕಲು ಹೋಗುತ್ತಿದ್ದರು. ಅವರ ಕೈ ಬೇಕಿತ್ತು. ಅವರು ಹೊರಟ ಮೇಲೆ ಕೂತ ಜಾಗಕ್ಕೆ ನೀರು ಹಾಕುತ್ತಿದ್ದರು. ನಮ್ಮವರನ್ನು ಮುಟ್ಟಬಾರದು ಎಂದರು, ಹೊಡೆಯುವಾಗ ಮಾತ್ರ ಮುಟ್ಟಿದರು. ಎರಡರಲ್ಲೂ ನಮ್ಮ ಒಪ್ಪಿಗೆ ಕೇಳಿದವರಿಲ್ಲ.

ಈಗ ನಾನು ಎದುರಿಗೆ ಕೂತು ಕೇಳುತ್ತೇನೆ: "ಚಿಕ್ಕಮ್ಮಾ, ಕಾಲಿಗೆ ಸ್ವಲ್ಪ ಎಣ್ಣೆ ಹಚ್ಚಲಾ?" ಕೆಲವು ದಿನ "ಇವತ್ತು ಬೇಡ" ಎನ್ನುತ್ತಾರೆ. ಬೇಡ ಎಂದರೆ ಬೇಡ. ಹೂಂ ಎಂದ ದಿನ ಬಿಸಿ ಮಾಡಿದ ತೆಂಗಿನೆಣ್ಣೆಯಿಂದ ಪಾದ ಮಾತ್ರ ನಿಧಾನವಾಗಿ ತಿಕ್ಕುತ್ತೇನೆ. ಹತ್ತು ನಿಮಿಷದಲ್ಲಿ ಅವರ ಉಸಿರು ಉದ್ದವಾಗುತ್ತದೆ, ಹೆಗಲು ಸಡಿಲವಾಗುತ್ತದೆ.

*ಗಮನಿಸಿ:*
🔹 ಎದುರಿನಿಂದ ಬನ್ನಿ. ಎಲ್ಲಿ ಮುಟ್ಟುತ್ತೀರಿ ಎಂದು ಮೊದಲೇ ಹೇಳಿ. ಸಾಕು ಎಂದ ಕೂಡಲೇ ನಿಲ್ಲಿಸಿ.
🔹 ಗಾಯ, ಬಾವು, ಜ್ವರ ಇದ್ದರೆ ತಿಕ್ಕಬೇಡಿ.
🔹 ಉಜಿರೆ, ಮೂಡುಬಿದಿರೆಗಳ ಪ್ರಕೃತಿ ಚಿಕಿತ್ಸಾ ಕೇಂದ್ರಗಳಿಗೆ ಮಸಾಜ್‌ಗೆ ಹೋದರೂ ಆಘಾತದ ವಿಷಯ ಮೊದಲೇ ತಿಳಿಸಿ.
🔹 ಮಸಾಜ್ ಆಸರೆ ಮಾತ್ರ. ಮುಖ್ಯ ಚಿಕಿತ್ಸೆ ಮನೋವೈದ್ಯರ ಔಷಧ ಮತ್ತು ಆಪ್ತಸಮಾಲೋಚನೆ. ಚಿಕ್ಕಮ್ಮ ಮಾತ್ರೆ ಬಿಟ್ಟಿಲ್ಲ. ಸರಕಾರದ ಟೆಲಿ-ಮಾನಸ್ *14416* ಉಚಿತ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.

*ಇಂದಿನ ಅಭ್ಯಾಸ:* ಮನೆಯಲ್ಲಿ ನೊಂದವರೊಬ್ಬರ ಎದುರು ಕೂತು "ಏನು ಮಾಡಿದರೆ ನಿಮಗೆ ಹಗುರ ಆಗುತ್ತದೆ?" ಎಂದು ಕೇಳಿ. ಉತ್ತರ ಪೂರ್ತಿ ಕೇಳಿಸಿಕೊಳ್ಳಿ. ಭಾನುವಾರದ ಅಧ್ಯಯನದಲ್ಲಿ ಹಂಚಿಕೊಳ್ಳೋಣ.

ಭವತು ಸಬ್ಬ ಮಂಗಲಂ 🙏
ಜೈಭೀಮ್