ವಾಯಿದೆಗಳ ನಡುವಿನ ಕಾಂಡ್ಲಾ ಕಾಡು

ಕಾಸರಗೋಡಿನವರಿಗೆ ಹೈಕೋರ್ಟು ಕೊಚ್ಚಿಯಲ್ಲಿದೆ, ಸರಕಾರ ತಿರುವನಂತಪುರದಲ್ಲಿದೆ. 1956ರ ನವೆಂಬರ್ 1ರಂದು ಕೇರಳ ರಾಜ್ಯ ಹುಟ್ಟಿತು, ಅದೇ ದಿನ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಅದರ ಪಾಲಾಯಿತು. ಹೀಗಾಗಿ ನಮ್ಮ ಅಜ್ಜಂದಿರ ಪಾಲುಪಟ್ಟಿ, ವೀಲುನಾಮೆ, ಗೇಣಿಚೀಟಿಗಳು ಕನ್ನಡದಲ್ಲಿವೆ. ಅವುಗಳ ಮೇಲಿನ ವ್ಯಾಜ್ಯ ಇಂಗ್ಲಿಷಿನಲ್ಲಿ ನಡೆಯುತ್ತದೆ, ಅರ್ಜಿ ಮಲಯಾಳಂನಲ್ಲಿ ಹೋಗುತ್ತದೆ. ಈ ಮೂರರ ನಡುವೆ ನನ್ನಂಥ ಭಾಷಾಂತರಕಾರರ ಹೊಟ್ಟೆಪಾಡು. ಚೀಲದಲ್ಲಿ ಕಾಗದ ತುಂಬಿಕೊಂಡು ಈ ಎರಡು ನಗರಗಳಿಗೆ ಓಡಾಡಿ ಕಲಿತದ್ದನ್ನು ಬರೆದಿದ್ದೇನೆ. ಓಡಾಡುವ ಇತರರಿಗೂ ಪ್ರಯೋಜನಕ್ಕೆ ಬರಬಹುದು.

1. ವೇಗದ ರೈಲು ಬಿಡುವು ಕೊಡುವುದಿಲ್ಲ

ಸಂಜೆಯ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದರೆ ಕೊಚ್ಚಿಯ ಎರ್ನಾಕುಳಂ ಮುಟ್ಟುವುದು ಬೆಳಕು ಹರಿಯುವ ಮೊದಲೇ, ತಿರುವನಂತಪುರ ಮುಟ್ಟುವುದು ಕಚೇರಿ ತೆರೆಯುವ ಹೊತ್ತಿಗೆ. 2023ರ ಏಪ್ರಿಲ್‌ನಲ್ಲಿ ವಂದೇ ಭಾರತ್ ಬಂತು. ಕಾಸರಗೋಡಿನಿಂದ ರಾಜಧಾನಿಗೆ ಈಗ ಹೆಚ್ಚುಕಮ್ಮಿ ಎಂಟು ಗಂಟೆ. ಆ ರೈಲು ಉಳಿಸಿದ ಗಂಟೆಗಳು ನನ್ನ ಕೈಗೆ ಬಂದೇ ಇಲ್ಲ. ಕಕ್ಷಿದಾರರು ಅವನ್ನು ಮೊದಲೇ ಲೆಕ್ಕ ಹಾಕಿರುತ್ತಾರೆ. 'ನಾಳೆ ಮಧ್ಯಾಹ್ನದೊಳಗೆ ತಲುಪಿಸಬಹುದಲ್ಲ?' ಎಂಬ ಫೋನು ಈಗ ಹಿಂದಿನ ದಿನ ರಾತ್ರಿ ಬರುತ್ತದೆ. ಬಿಡುವು ಬೇಕಿದ್ದರೆ ಟಿಕೆಟ್ ತೆಗೆಯುವಾಗಲೇ ಅದಕ್ಕೆ ಹೊತ್ತು ಎತ್ತಿಡಬೇಕು. ಕೆಲಸ ಮುಗಿದ ಕೂಡಲೇ ಹೊರಡುವ ರೈಲಿಗೆ ನಾನು ಟಿಕೆಟ್ ಮಾಡಿಸುವುದಿಲ್ಲ, ಅದರ ನಂತರದ್ದಕ್ಕೆ ಮಾಡಿಸುತ್ತೇನೆ.

2. ಕಾಯುವುದು ವಿಶ್ರಾಂತಿಯಲ್ಲ

ವರಾಂಡದ ಬೆಂಚಿನಲ್ಲಿ ಕೂತವನನ್ನು ನೋಡಿದರೆ ಆರಾಮವಾಗಿದ್ದಾನೆ ಅನಿಸುತ್ತದೆ. ಅವನ ಕಿವಿ ಮಾತ್ರ ಒಳಗಿನ ಕೂಗಿಗೆ ತೆರೆದೇ ಇರುತ್ತದೆ. ವಾಯಿದೆ ಬಿದ್ದರೂ, 'ಫಯಲು ಇನ್ನೂ ಕೆಳಗೆ ಬಂದಿಲ್ಲ' ಎಂದರೂ, ಇಡೀ ದಿನ ಗದ್ದೆ ಉತ್ತವನಿಗಿಂತ ಹೆಚ್ಚು ದಣಿದು ಏಳುತ್ತೇವೆ. ಮೊಬೈಲು ಆ ದಣಿವಿಗೆ ಇನ್ನಷ್ಟು ಸೇರಿಸುತ್ತದೆ. ವಿಚಾರಿಸಿ, ನಮ್ಮ ಸರದಿ ಮಧ್ಯಾಹ್ನದ ನಂತರವೇ ಎಂದು ಖಾತ್ರಿಯಾದರೆ ಅಲ್ಲಿಂದ ಎದ್ದು ಹೋಗಿಬಿಡಬೇಕು.

3. ಕಾಡು ಕೋರ್ಟಿನ ಹಿಂದೆಯೇ ಇದೆ

ಎಲ್ಲಿಗೆ ಹೋಗುವುದು? ಕೇರಳ ಹೈಕೋರ್ಟಿನ ಹಿಂಬದಿಯಲ್ಲಿ ಮಂಗಳವನವಿದೆ. 2004ರಲ್ಲಿ ಪಕ್ಷಿಧಾಮವೆಂದು ಘೋಷಣೆಯಾದ ಇದರ ವಿಸ್ತೀರ್ಣ 2.74 ಹೆಕ್ಟೇರ್, ಅಂದರೆ ಏಳು ಎಕರೆಯೂ ಇಲ್ಲ. ಸುತ್ತ ಬಹುಮಹಡಿ ಕಟ್ಟಡಗಳು. ನಡುವೆ ಆಳವಿಲ್ಲದ ಒಂದು ಕೆರೆ. ಕಾಲುವೆಯೊಂದು ಅದನ್ನು ಹಿನ್ನೀರಿಗೆ ಜೋಡಿಸಿದೆ, ಅದರಿಂದ ಸಮುದ್ರದ ಏರಿಳಿತ ಇಲ್ಲಿಯವರೆಗೂ ಬರುತ್ತದೆ. ಕೆರೆಯ ಸುತ್ತ ಕಾಂಡ್ಲಾ. ನೀರಿಳಿದಾಗ ಕೆಸರಿನಿಂದ ಮೇಲೆದ್ದ ಉಸಿರುಬೇರುಗಳು ಕಾಣುತ್ತವೆ. ಕುಂಬಳೆ, ಮೊಗ್ರಾಲು ಹೊಳೆಬದಿಯವರಿಗೆ ಇದು ಹೊಸ ನೋಟವಲ್ಲ. ಹೈಕೋರ್ಟಿನ ಬೆನ್ನಿಗೆ ಇದು ಉಳಿದಿದೆಯಲ್ಲ, ಅದು ಹೊಸದು.

ಇರುಳು ಬಕಗಳು ಹಗಲೆಲ್ಲ ಇಲ್ಲಿ ಕುತ್ತಿಗೆ ಒಳಗೆಳೆದುಕೊಂಡು ಕೂತಿರುತ್ತವೆ, ಸಂಜೆಗೆ ಬೇಟೆಗೆ ಹೊರಡುತ್ತವೆ. ನೀರುಕಾಗೆಗಳು ರೆಕ್ಕೆ ಹರಡಿ ಒಣಗಿಸುತ್ತವೆ. ಮರದ ತುದಿಗಳಲ್ಲಿ ಬಾವಲಿಗಳು ತೂಗುತ್ತವೆ. ಕರಿಕೋಟಿನ ಕಿರಿಯ ವಕೀಲರೊಬ್ಬರು ಇಲ್ಲಿ ಕಡತ ಮಡಿಲಲ್ಲಿಟ್ಟು ನಿದ್ದೆಹೋಗಿದ್ದನ್ನು ನೋಡಿದ್ದೇನೆ, ಎಬ್ಬಿಸಲಿಲ್ಲ.

ಪಕ್ಕದಲ್ಲೇ ಹಳೆಯ ಎರ್ನಾಕುಳಂ ಟರ್ಮಿನಸ್ ಇತ್ತು. 1902ರಲ್ಲಿ ಶೊರನೂರಿನಿಂದ ರೈಲು ಬಂದು ನಿಂತದ್ದು ಅಲ್ಲಿಗೆ. ಆ ಹಳಿಗಾಗಿ ಕೊಚ್ಚಿಯ ಮಹಾರಾಜರು ತೃಪ್ಪೂಣಿತುರದ ದೇವಸ್ಥಾನದ ಆನೆಗಳ ಚಿನ್ನದ ನೆತ್ತಿಪಟ್ಟಗಳನ್ನು ಮಾರಿ ಹಣ ಹೊಂದಿಸಿದರು. ಊರಿಗೆ ಅಷ್ಟು ಅವಸರವಿತ್ತು! ಮುಂದೆ ಆ ನಿಲ್ದಾಣ ಪಾಳುಬಿದ್ದು ಗಿಡಬಳ್ಳಿ ಬೆಳೆಯಿತು.

4. ಉಬ್ಬರವಿಳಿತದ ಹೊತ್ತು ಗೊತ್ತಿರಲಿ

ಕೊಚ್ಚಿಯಲ್ಲಿ ದಿನಕ್ಕೆ ಎರಡು ಸಲ ನೀರೇರುತ್ತದೆ, ಎರಡು ಸಲ ಇಳಿಯುತ್ತದೆ. ಚಂದ್ರನ ಲೆಕ್ಕದಲ್ಲಿ ನಡೆಯುವುದರಿಂದ ಈ ಹೊತ್ತು ನಿನ್ನೆಗಿಂತ ಇಂದು ಸುಮಾರು 50 ನಿಮಿಷ ತಡ. ದಿನವೂ ಇಷ್ಟು ತಡವಾಗಿ ಬರುವ ಗುಮಾಸ್ತನನ್ನು ಯಾರು ಇಟ್ಟುಕೊಳ್ಳುತ್ತಾರೆ! ಆದರೂ ಫೋರ್ಟ್ ಕೊಚ್ಚಿಯ ಚೀನಾ ಬಲೆಗಳ ಕೆಲಸ ನಡೆಯುವುದು ಈ ಲೆಕ್ಕದಲ್ಲೇ. ಕಲ್ಲುಗಳ ಭಾರಕ್ಕೆ ತೂಗುವ ಆ ಬಲೆಯನ್ನು ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು, ಹಗ್ಗ ಎಳೆದು ಎತ್ತುತ್ತಾರೆ. ಹೆಚ್ಚಿನ ಸಲ ಬರುವುದು ಬೊಗಸೆ ಮೀನು. ಮತ್ತೆ ಇಳಿಸುತ್ತಾರೆ. ಈಗ ನಾನು ಪ್ರಯಾಣದ ಹಿಂದಿನ ದಿನವೇ ಕೊಚ್ಚಿಯ ಉಬ್ಬರದ ಹೊತ್ತು ನೋಡಿಟ್ಟುಕೊಳ್ಳುತ್ತೇನೆ. ಕೆಲಸಕ್ಕೆ ಅದರಿಂದ ಏನೂ ಉಪಯೋಗವಿಲ್ಲ. ಯಾರ ತುರ್ತಿಗೂ ಬಗ್ಗದ ಒಂದು ಗಡಿಯಾರವಿದೆ ಎಂಬುದು ತಲೆಯಲ್ಲಿದ್ದರೆ, ಇದೇ ಕೊನೆಯ ಗಳಿಗೆ ಎಂದು ಕೂಗುವವರ ದನಿ ಸ್ವಲ್ಪ ತಗ್ಗಿ ಕೇಳಿಸುತ್ತದೆ.

5. ಹಳೆಯ ದೋಣಿಯೇ ಸರಿ

ಕೊಚ್ಚಿಯ ಹಿನ್ನೀರಿನಲ್ಲಿ 2023ರಲ್ಲಿ ಆರಂಭವಾದ ವಾಟರ್ ಮೆಟ್ರೋ ದೋಣಿ ಅಚ್ಚುಕಟ್ಟಾಗಿದೆ, ಹವಾನಿಯಂತ್ರಿತ, ಸದ್ದೂ ಕಡಿಮೆ. ತುರ್ತಿದ್ದರೆ ಅದೇ ಹತ್ತಿ. ಮನಸ್ಸಿಗೆ ಬೇಕಾದರೆ ಎರ್ನಾಕುಳಂ ಜೆಟ್ಟಿಯಿಂದ ರಾಜ್ಯ ಜಲಸಾರಿಗೆ ಇಲಾಖೆಯ ತೆರೆದ ಕಿಟಕಿಯ ದೋಣಿ. ಮುಖಕ್ಕೆ ಗಾಳಿ, ಉಪ್ಪು, ಡೀಸೆಲ್ ವಾಸನೆ ಎಲ್ಲವೂ ಬರುತ್ತದೆ. ಮಳೆಗಾಲದಲ್ಲಿ ನೀರು ಸಿಹಿಯಾದಾಗ ಅಂತರಗಂಗೆ ತೆಪ್ಪತೆಪ್ಪವಾಗಿ ಕಡಲಿಗೆ ಸಾಗುತ್ತಿರುತ್ತದೆ, ಉಪ್ಪು ಏರಿದಾಗ ಸಾಯುತ್ತದೆ. ಅಳಿವೆಯ ಹತ್ತಿರ ಅದೃಷ್ಟವಿದ್ದರೆ ಡಾಲ್ಫಿನ್ ಬೆನ್ನು ಕಾಣಿಸುತ್ತದೆ.

6. ನಿಸರ್ಗಕ್ಕೂ ಗಡುವು ಹಾಕಬೇಡಿ

ಅಗಸ್ತ್ಯಕೂಡಂ 1868 ಮೀಟರ್ ಎತ್ತರದ ಶಿಖರ. ಜನವರಿ, ಫೆಬ್ರವರಿಯ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ತೆರೆದ ಕೂಡಲೇ ಜನ ಮುಗಿಬೀಳುತ್ತಾರೆ. ಮುನ್ನಾರಿನ ಬೆಟ್ಟಗಳಲ್ಲಿ ನೀಲಕುರಿಂಜಿ ಹೂವು ಹನ್ನೆರಡು ವರ್ಷಕ್ಕೊಮ್ಮೆ ಅರಳುತ್ತದೆ. 2018ರಲ್ಲಿ ಅರಳಿತ್ತು, ಇನ್ನು 2030ಕ್ಕೆ. ಈಗಲೇ ಅಲ್ಲಿ ಕೋಣೆ ಹುಡುಕುವವರಿದ್ದಾರೆ. ಹೋಗಬೇಡಿ ಅನ್ನುವುದಿಲ್ಲ. ಆದರೆ ಶಾಂತಿಗೆಂದು ಹೊರಟು ಘಾಟಿಯ ವಾಹನದ ಸಾಲಿನಲ್ಲಿ ಹಾರ್ನ್ ಬಾರಿಸುವುದಕ್ಕಿಂತ, ಕಚೇರಿಯಿಂದ ಕಾಲುಗಂಟೆಯೊಳಗಿನ ಮರದ ನೆರಳು ಮೇಲು.

7. ರಾಜಧಾನಿಯಲ್ಲಿ ಬೆಳಗನ್ನು ಹಿಡಿಯಿರಿ

ತಿರುವನಂತಪುರದ ಸೆಕ್ರೆಟೇರಿಯಟ್ ಕಟ್ಟಡ 1869ರದು. ಅಲ್ಲಿಂದ ಪಾಳಯಂ ದಾಟಿ ಉತ್ತರಕ್ಕೆ ನಡೆದರೆ ಮ್ಯೂಸಿಯಂ ಆವರಣ. ಚಿಸ್‌ಹೋಮ್ ಎಂಬ ವಾಸ್ತುಶಿಲ್ಪಿ ವಿನ್ಯಾಸಗೊಳಿಸಿದ ನೇಪಿಯರ್ ಮ್ಯೂಸಿಯಂ 1880ರಲ್ಲಿ ಪೂರ್ಣಗೊಂಡಿತು. ಬೆಳಗ್ಗೆ ಇಡೀ ಊರೇ ಇಲ್ಲಿ ನಡೆಯಲು ಬರುತ್ತದೆ. ಮಂತ್ರಿಗಳ ಬಗೆಗಿನ ಹರಟೆ ಬೇಡವೆಂದರೆ ಪಕ್ಕದ ಕನಕಕ್ಕುನ್ನಿನ ಮರಗಳ ಕಡೆ ಸರಿಯಿರಿ. ತುಲಾ ಮಾಸದಲ್ಲಿ, ಅಂದರೆ ಅಕ್ಟೋಬರ್‌–ನವೆಂಬರ್‌ನಲ್ಲಿ, ಬೆಳಗ್ಗೆ ನಿರ್ಮಲವಾಗಿದ್ದ ಆಕಾಶ ಮಧ್ಯಾಹ್ನ ಕಪ್ಪಾಗಿ ಗುಡುಗುತ್ತದೆ. ಆಗ ಬೆಳಗಿನಲ್ಲಿ ತಿರುಗಾಟ, ಮಳೆಯಲ್ಲಿ ಕಾಯುವಿಕೆ ಎಂದು ಹಂಚಿಕೊಂಡರೆ ಎರಡೂ ಸಹ್ಯ.

ಪದ್ಮನಾಭಸ್ವಾಮಿ ದೇವಸ್ಥಾನದ ಎದುರಿನ ಮೇತ್ತನ್ ಮಣಿ ಎಂಬ ಗಡಿಯಾರವನ್ನು ಮರೆಯಬೇಡಿ. ಆ ಗಡಿಯಾರದ ಮೇಲೆ ಗಡ್ಡದ ಮುಖ. ಗಂಟೆಗೊಮ್ಮೆ ಅದು ಬಾಯಿ ತೆರೆದಾಗ ಎರಡು ಟಗರುಗಳು ಬಂದು ಎರಡು ಕೆನ್ನೆಗೆ ಹಾಯುತ್ತವೆ. ಹೊತ್ತಿನ ಏಟು ತಿನ್ನುವವರ ಚಿತ್ರ ಇದಕ್ಕಿಂತ ಚೆನ್ನಾಗಿ ನಾನು ಕಂಡಿಲ್ಲ. ಇದೇ ದೇವರ ಆರಾಟ್ಟು ಮೆರವಣಿಗೆ ವರ್ಷಕ್ಕೆರಡು ಸಲ ವಿಮಾನ ನಿಲ್ದಾಣದ ರನ್‌ವೇ ದಾಟಿ ಶಂಖುಮುಖದ ಕಡಲಿಗೆ ಹೋಗುತ್ತದೆ. ಆ ಸಂಜೆ ಕೆಲವು ಗಂಟೆ ವಿಮಾನಗಳು ಹಾರುವುದಿಲ್ಲ, ಇಳಿಯುವುದೂ ಇಲ್ಲ. ಅದರಿಂದ ಯಾರ ಮನೆಯೂ ಮುಳುಗಿಲ್ಲ.

8. ಕಡಲು ನಮ್ಮ ಸಮಾಧಾನಕ್ಕೆಂದು ಇಲ್ಲ

ಅದೇ ಶಂಖುಮುಖದಲ್ಲಿ ಕಡಲು ದಂಡೆಯನ್ನೂ ರಸ್ತೆಯನ್ನೂ ಕೊರೆದು ಒಯ್ದಿದೆ. ಕಡಲೊಂದೇ ಅಲ್ಲ, 2018ರ ಆಗಸ್ಟ್‌ನ ನೆರೆಯಲ್ಲಿ ಕೊಚ್ಚಿ ವಿಮಾನ ನಿಲ್ದಾಣ ಎರಡು ವಾರ ಮುಚ್ಚಿತ್ತು. 2023ರ ಮಾರ್ಚ್‌ನಲ್ಲಿ ಬ್ರಹ್ಮಪುರಂನ ಕಸದ ರಾಶಿಗೆ ಬೆಂಕಿ ಬಿದ್ದು ಕೊಚ್ಚಿ ಹತ್ತು ದಿನಕ್ಕೂ ಹೆಚ್ಚು ಹೊಗೆಯಲ್ಲಿತ್ತು, ಹೈಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಎರಡು ಗಂಟೆಯ ನೆಮ್ಮದಿಗೆ ಹೋಗುವ ನಾವು ಇದನ್ನೂ ತಿಳಿದಿರಬೇಕು. ದಂಡೆಯ ಮೀನುಗಾರರಿಗೆ ನಾವು ನೋಡಲು ಹೋಗುವ ಕಡಲೇ ಆತಂಕ.

9. ಹೊರಡುವವರಿಗೆ

ಮುಂದಿನ ವಾಯಿದೆಗೆ ಎರ್ನಾಕುಳಂಗೆ ಹೋಗುವ ಕಾಸರಗೋಡಿನವರು ಮಂಗಳವನದ ದಾರಿಯನ್ನು ಕೋರ್ಟಿನ ಹಿಂಬದಿಯಲ್ಲಿ ಕೇಳಿ. ವಕೀಲರಿಗೆ ಎಲ್ಲಿರುತ್ತೀರೆಂದು ಹೇಳಿ ಹೋಗಿ. ಮೂಲ ದಾಖಲೆಗಳ ಚೀಲವನ್ನು ಕೈಯಿಂದ ಬಿಡಬೇಡಿ, ನೀರಿನ ಬಾಟಲಿಯನ್ನು ಅಲ್ಲಿ ಎಸೆಯಬೇಡಿ, ಹಕ್ಕಿಗಳ ಬಳಿ ಫೋನಿನಲ್ಲಿ ಜಗಳವಾಡಬೇಡಿ. ಆ ಏಳು ಎಕರೆ ಉಳಿಯುವುದು ಅಲ್ಲಿಗೆ ಹೋಗುವವರ ನಡತೆಯ ಮೇಲೂ ನಿಂತಿದೆ.