ಕಸಕ್ಕೂ ಒಂದು ಪಾಸ್‌ಬುಕ್

ಸಗಣಿ, ಸಿಪ್ಪೆ ತಿಪ್ಪೆಗೆ ಬಿದ್ದರೆ ಗೊಬ್ಬರವಾಗುತ್ತೆ. ನಮಗೆ ಕಾಟ ಕೊಡೋದು ಕೊಳೆಯದ ಕಸ. ಗೊಬ್ಬರದ ಜತೆ ಹೊಲಕ್ಕೆ ಬಂದ ಕವರು ಕುಂಟೆಗೆ ಸುತ್ತಿಕೊಳ್ಳುತ್ತೆ. ದನ ತಿಂದರೆ ಹೊಟ್ಟೆಯಲ್ಲೇ ಗಂಟು.

ಇಂಡೋನೇಷ್ಯಾದ ಯೋಗ್ಯಕರ್ತ ಹತ್ತಿರದ ಬಂತುಲ್‌ನಲ್ಲಿ 2008ರಲ್ಲಿ ಬಂಬಾಂಗ್ ಸುವೆರ್ದಾ ಎಂಬ ಕಾಲೇಜು ಮೇಷ್ಟ್ರು ಊರವರನ್ನು ಸೇರಿಸಿ ‘ಕಸದ ಬ್ಯಾಂಕು’ ತೆರೆದರು. ಬಿಸಾಡಿದ ಡಬ್ಬಿಗಳಲ್ಲಿ ನೀರು ನಿಂತು ಡೆಂಗೀ ಸೊಳ್ಳೆ ಹುಟ್ಟೋದು ಅವರಿಗಿದ್ದ ಚಿಂತೆ.

ಕಾಗದ, ಪ್ಲಾಸ್ಟಿಕ್, ಬಾಟಲಿ-ಡಬ್ಬಿ ಇವನ್ನು ಮನೆಯಲ್ಲೇ ಬೇರೆ ಮಾಡಿ ತರಬೇಕು. ತೂಗಿ ಬರೆದುಕೊಳ್ಳುತ್ತಾರೆ. ಎಲ್ಲರದ್ದನ್ನೂ ಒಟ್ಟಿಗೆ ಗುಜರಿಗೆ ಮಾರಿ, ಖರ್ಚಿಗೆ ನೂರಕ್ಕೆ 15 ಪಾಲು ಹಿಡಿದು, ಉಳಿದದ್ದನ್ನು ಅವರವರ ಪಾಸ್‌ಬುಕ್ಕಿಗೆ ಹಾಕುತ್ತಾರೆ. ಹಣ ಕೂಡಲೇ ಕೈಗಿಲ್ಲ, ಕೆಲವು ತಿಂಗಳು ಕೂಡಬೇಕು.

ಒಂದು ಮನೆಯ ಕಸಕ್ಕೆ ಸಿಗೋದು ಪುಡಿಗಾಸೇ. ಆದರೂ ನನಗೆ ಹಿಡಿಸಿದ್ದು ಆ ತಕ್ಕಡಿ. ಗುಜರಿಯವನು ಬಾಗಿಲಿಗೆ ಬಂದರೆ ಅವನು ಹೇಳಿದ್ದೇ ತೂಕ, ಕೊಟ್ಟದ್ದೇ ದರ. ಊರೇ ತೂಗಿ ರಾಶಿ ಹಾಕಿದರೆ ದರ ಕೇಳೋಕೆ ಬಾಯಿ ಬರುತ್ತೆ. (ನಮ್ಮ ಹುಣಸೆಹಣ್ಣಿನ ಕಥೆಯೂ ಇದೇ ಅಲ್ಲವೆ?)

ನಮ್ಮೂರುಗಳಲ್ಲಿ ಇದನ್ನು ಮಾಡೋದಾದರೆ ಸ್ತ್ರೀಶಕ್ತಿ ಸಂಘಗಳೇ ಸರಿ. ಪುಸ್ತಕ ಬರೆದು ಅವರಿಗೆ ಅಭ್ಯಾಸವಿದೆ. ಬೆಳೆಗೆ ಹೊಡೆಯೋ ಔಷಧಿಯ ಡಬ್ಬ ಮಾತ್ರ ಈ ರಾಶಿಗೆ ಸೇರಿಸಬೇಡಿ. ಬೇರೆ ಮಾಡೋ ಹೆಂಗಸರ ಕೈಗೆ ವಿಷ ಹತ್ತುತ್ತೆ.