ಗಿಟಾರ್ ಇಲ್ಲದೆ ಗಿಟಾರ್ ನುಡಿಸುವುದು

ನಮ್ಮ ಮನೆಯಲ್ಲಿ ಗಿಟಾರ್ ಇಲ್ಲ, ಅಣ್ಣನ ಹಳೆಯ ಲ್ಯಾಪ್‌ಟಾಪ್ ಇದೆ. ಗೆಳೆಯ ಬರೆದ ಹಾಡಿಗೆ ವಾರ್ಷಿಕೋತ್ಸವದೊಳಗೆ ಗಿಟಾರ್ ಸೇರಿಸಬೇಕು, ಸ್ಟುಡಿಯೋಗೆ ಕೊಡಲು ದುಡ್ಡಿಲ್ಲ. ಹಾಗಾಗಿ ವರ್ಚುವಲ್ ಗಿಟಾರ್ ಕಲಿಯುತ್ತಿದ್ದೇನೆ. ಆಂಪಲ್ ಗಿಟಾರ್ ಎಂ ಲೈಟ್ ಉಚಿತವಾಗಿ ಸಿಗುತ್ತದೆ. ಅದರಲ್ಲಿರುವುದು ಕಂಪ್ಯೂಟರ್ ಹುಟ್ಟಿಸಿದ ದನಿಯಲ್ಲ. ಮಾರ್ಟಿನ್ ಡಿ-41 ಎಂಬ ನಿಜವಾದ ಗಿಟಾರಿನ ಸ್ವರಗಳನ್ನು ರೆಕಾರ್ಡ್ ಮಾಡಿಟ್ಟದ್ದು.

ದನಿ ನಿಜವಾದರೆ ಸಾಕೇ? ನುಡಿಸುವ ರೀತಿಯೂ ಗಿಟಾರಿನದೇ ಆಗಬೇಕು. ಕೀಬೋರ್ಡಿನಲ್ಲಿ ಸಿ ಮೇಜರ್ ಎಂದರೆ ಸಿ, ಇ, ಜಿ ಮೂರನ್ನೂ ಒಟ್ಟಿಗೆ ಒತ್ತುತ್ತೇವೆ. ಗಿಟಾರಿನಲ್ಲಿ ಅದಕ್ಕೆ ಐದು ತಂತಿ: ಸಿ, ಇ, ಜಿ, ಮತ್ತೆ ಸಿ, ಇ. ಎಲ್ಲಕ್ಕಿಂತ ದಪ್ಪದ ಆರನೆಯದನ್ನು ಸಾಮಾನ್ಯವಾಗಿ ಬಿಡುತ್ತಾರೆ. ಐದೂ ಒಂದೇ ಕ್ಷಣಕ್ಕೆ ಮೊಳಗುವುದಿಲ್ಲ. ಕೈ ಕೆಳಗಿಳಿಯುವಾಗ ದಪ್ಪ ತಂತಿ ಮೊದಲು, ತೆಳುವಾದದ್ದು ಕೊನೆಗೆ. ನಾನು ಒಂದೊಂದು ಸ್ವರದ ನಡುವೆ ಸುಮಾರು 15 ಮಿಲಿಸೆಕೆಂಡ್ ಅಂತರ ಇಡುತ್ತೇನೆ. ನಿಮಿಷಕ್ಕೆ 120 ಬಡಿತದ ಹಾಡಿನಲ್ಲಿ ಒಂದು ಬಡಿತಕ್ಕೆ 500 ಮಿಲಿಸೆಕೆಂಡ್. ಐದನೆಯ ತಂತಿ ಮುಟ್ಟುವಷ್ಟರಲ್ಲಿ 60 ಕಳೆದಿರುತ್ತದೆ. ಕಾಮರ್ಸ್‌ನವರಿಗೆ ಈ ಲೆಕ್ಕ ಸುಲಭ!

ಕೈ ಮೇಲೆ ಬರುವಾಗ ಕ್ರಮ ತಿರುಗಿಸಿ, ತೆಳುವಾದ ಮೂರು ತಂತಿ ಸಾಕು. ಹೊಡೆತದ ಬಲಕ್ಕೆ ವೆಲಾಸಿಟಿ ಎನ್ನುತ್ತಾರೆ, 1ರಿಂದ 127ರವರೆಗೆ. ಕೆಳಹೊಡೆತಕ್ಕೆ 100ರ ಆಸುಪಾಸು, ಮೇಲ್ಹೊಡೆತಕ್ಕೆ 70 ಕೊಡಿ, ನಡುನಡುವೆ ಸ್ವಲ್ಪ ಹೆಚ್ಚುಕಡಿಮೆ ಮಾಡಿ. ಎಲ್ಲಕ್ಕೂ ಒಂದೇ ಅಂಕಿ ಇಟ್ಟು ಅಮ್ಮಿಗೆ ಕೇಳಿಸಿದೆ. "ಹೊಲಿಗೆ ಮೆಷಿನ್ ಓಡ್ತಿದೆಯಾ?" ಅಂದರು.

ಬೆರಳು ತಂತಿಯ ಮೇಲೆ ಜಾರುವ ಸದ್ದು ಕಾರ್ಡ್ ಬದಲಾಗುವಲ್ಲಿ ಮಾತ್ರ, ಅದೂ ಅಪರೂಪಕ್ಕೆ. ಹಾಡುಗಾರ ಉಸಿರೆಳೆಯುವ ಕಡೆ ಗಿಟಾರನ್ನೂ ಒಮ್ಮೆ ನಿಲ್ಲಿಸಿ ನೋಡಿ.